ತಲಪರಿಗೆಯ ನಾಡಿನಲ್ಲಿ ನೀರಿನ ಮಿತಿ

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಸಿರಾ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು, ಆಂಧ್ರದ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಂದಿಬೆಟ್ಟದ ಸೀಮೆಯಿಂದ ಹೊರಟು ಆಂಧ್ರವನ್ನು ಹೊಕ್ಕ ಆ ಪಿನಾಕಿನಿಯು, ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಬಳಿ ಮತ್ತೊಮ್ಮೆ ಕನ್ನಡ ನಾಡನ್ನು ಮುಟ್ಟಿ ಮುಂದೆ ಸಾಗುತ್ತದೆ. ಸಿರಾ ಸೀಮೆಯ ನೀರಾದರೋ ಬಹುಮಟ್ಟಿಗೆ ವೇದಾವತಿಯ ಪಾಲು. ಇವೆಲ್ಲವೂ ಮಳೆಗಾಲದಲ್ಲಿ ಕೆಲವು ದಿನ ಕೆಂಪಗೆ ಹರಿದು, ಉಳಿದ ಕಾಲ ಮರಳಿನ ಹಾಸಾಗಿ ಬಿದ್ದಿರುವ ಹೊಳೆಗಳು. ಹೀಗಿದ್ದೂ ಈ ಬಯಲುಸೀಮೆಯಲ್ಲಿ ತಲೆತಲಾಂತರದಿಂದ ಭತ್ತ ಬೆಳೆದಿದೆ, ತೆಂಗು ಅಡಿಕೆಗಳು ಬೇಸಿಗೆಯನ್ನು ದಾಟಿ ನಿಂತಿವೆ. ಕೆರೆಗಳು ಇದಕ್ಕೆ ಒಂದು ಕಾರಣ. ಕೆರೆ ಬತ್ತಿದ ಮೇಲೂ ಕೈಬಿಡದೆ ಕಾಯ್ದದ್ದು ತಲಪರಿಗೆ.

ತಲಪರಿಗೆಯೆಂದರೆ ನೆಲದಡಿಯಲ್ಲಿ ಹೆಚ್ಚು ಆಳವಿಲ್ಲದೆ ಹರಿಯುವ ಒರತೆಯನ್ನು ಹೊಳೆಯ ಪಾತ್ರದಲ್ಲೋ, ಹಳ್ಳದ ದಡದಲ್ಲೋ, ಕೆರೆಯ ಆಸುಪಾಸಿನಲ್ಲೋ ತೋಡಿ ತೆರೆದು, ಅಲ್ಲಿಂದ ಸಣ್ಣ ಕಾಲುವೆಯ ಮೂಲಕ ಗದ್ದೆಗೆ ಹರಿಸುವ ಏರ್ಪಾಡು. ಬೆಟ್ಟಗಳ ಮೇಲೆ ಬಿದ್ದ ಮಳೆಯು ಶಿಥಿಲವಾದ ಕಲ್ಲಿನಲ್ಲಿಯೂ ಮರಳಿನಲ್ಲಿಯೂ ಇಳಿದು, ಕೆಳಗಿನ ಗಟ್ಟಿ ಬಂಡೆಯ ಮೇಲೆ ನಿಂತು, ತಗ್ಗಿನ ಕಡೆಗೆ ಮೆಲ್ಲನೆ ಜಿನುಗುತ್ತದೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ಈ ಸೀಮೆಯ ವಿಶೇಷವೆಂದು ತಲಪರಿಗೆಗಳನ್ನು ಹೆಸರು ಹಿಡಿದು ವರ್ಣಿಸಿದೆ. ಒರತೆ ಮೇಲಿದ್ದ ಕಡೆ ಕಾಲುವೆ, ಕೆಳಗಿದ್ದ ಕಡೆ ಬಾವಿ ತೋಡಿ ಕಪಿಲೆ ಅಥವಾ ಏತ, ಹೀಗೆ ನೆಲವನ್ನು ನೋಡಿ ಉಪಾಯ.

ಓದುಗರು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ತಲಪರಿಗೆಯ ಮಿತಿಯನ್ನು. ಅದು ಒರತೆ ಕೊಟ್ಟಷ್ಟನ್ನೇ ಕೊಡುತ್ತದೆ. ಎಂಥ ಲೋಭಿಯೂ ಅದರಿಂದ ನಾಳೆಯ ನೀರನ್ನು ಇಂದೇ ಎಳೆದುಕೊಳ್ಳಲಾರ. ಹೂಳು ತುಂಬಿದರೆ ಒರತೆಯ ಕಣ್ಣು ಮುಚ್ಚುತ್ತದೆ. ಆದುದರಿಂದ ನೀರಿನ ಪಾಲುದಾರರೆಲ್ಲರೂ ಕೂಡಿ ಹೂಳೆತ್ತಬೇಕು; ಕೂಡಿ ಎತ್ತಿದ ಮೇಲೆ ಸರದಿಯಂತೆ ಹಂಚಿಕೊಳ್ಳಬೇಕು. ಹಿಂದಿನವರು ನಮಗಿಂತ ಸಂಯಮಿಗಳಾಗಿದ್ದರೆಂದು ಹೊಗಳುವುದು ಬೇಡ. ಸಂಯಮವು ಅವರ ಸಲಕರಣೆಯಲ್ಲಿಯೇ ಅಡಗಿತ್ತು ಎಂದರೆ ಸಾಕು.

ಕೊಳವೆಬಾವಿ ಬಂದಾಗ ಆ ಕಟ್ಟು ಕಳಚಿತು. 1970ರ ದಶಕದಿಂದೀಚೆಗೆ ಬೈರಿಗೆ ಯಂತ್ರಗಳು ಬಂಡೆಯನ್ನು ಕೊರೆಯುತ್ತ ನೂರಾರು ಅಡಿ ಇಳಿದವು. 2008ರಿಂದ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ಒಬ್ಬನ ಬಾವಿ ಆಳಕ್ಕೆ ಇಳಿದರೆ ಪಕ್ಕದವನ ಬಾವಿ ಬತ್ತುತ್ತದೆ, ಅವನು ಸಾಲ ತಂದು ಇನ್ನೂ ಆಳಕ್ಕೆ ಹೋಗುತ್ತಾನೆ. ಇಬ್ಬರ ನಡುವೆ ಹಳೆಯ ತಲಪರಿಗೆಯು ಯಾರಿಗೂ ಹೇಳದೆ ಆರಿಹೋಗುತ್ತದೆ. ತನ್ನ ನೆಲದಡಿಯ ನೀರು ತನ್ನದೆಂಬ ಭಾವನೆಗೆ ಕಾನೂನಿನ ಬೆಂಬಲವೂ ಇತ್ತು. 1882ರ ಈಸ್‌ಮೆಂಟ್ಸ್ ಕಾಯಿದೆಯಲ್ಲಿ ಆ ತತ್ತ್ವವನ್ನು ಕಾಣಬಹುದು. ಅಂತರ್ಜಲದ ನಿಯಂತ್ರಣಕ್ಕಾಗಿ ಕರ್ನಾಟಕ ಒಂದು ಕಾಯಿದೆ ಮಾಡಿದ್ದು 2011ರಲ್ಲಿ. ಅಷ್ಟರಲ್ಲಿ ಮಳೆ ಇಳಿಸಿದ್ದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುವ ತಾಲ್ಲೂಕುಗಳ ಪಟ್ಟಿಗೆ ಈ ಸೀಮೆ ಸೇರಿಯಾಗಿತ್ತು. ಪಾವಗಡದಲ್ಲಿ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ ಹಲ್ಲು ಮೂಳೆಗಳ ಬೇನೆ ಹಬ್ಬಿದುದು ಎಲ್ಲರೂ ಬಲ್ಲ ಸಂಗತಿ.

ಒಂದು ವೈಚಿತ್ರ್ಯವುಂಟು. 1892ರಲ್ಲಿ ಮೈಸೂರು ಮತ್ತು ಮದರಾಸು ಸರಕಾರಗಳು ಹೊಳೆಗಳ ಬಗೆಗೆ ಒಪ್ಪಂದ ಮಾಡಿಕೊಂಡಾಗ ಅದರ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ಸೇರಿತ್ತು. ಕೆಳಗಿನವರ ಒಪ್ಪಿಗೆಯಿಲ್ಲದೆ ಮೇಲಿನವರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ವರ್ಷದಲ್ಲಿ ಕೆಲವೇ ದಿನ ಕಣ್ಣಿಗೆ ಕಾಣುವ ನೀರಿಗಾಗಿ ಎರಡು ಸರಕಾರಗಳು ಕುಳಿತು ಬರೆದುಕೊಂಡವು. ವರ್ಷವಿಡೀ ನೆಲದಡಿಯಲ್ಲಿ ಹರಿಯುವ ನೀರಿಗಾಗಿ ಎರಡು ಹೊಲಗಳ ಒಡೆಯರು ಒಂದು ಮಾತೂ ಆಡಿಕೊಳ್ಳಲಿಲ್ಲ.

ಶ್ರಾವಕರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ವ್ರತ ಎಲ್ಲರಿಗೂ ಗೊತ್ತು. ಅದರ ಉತ್ತರಾರ್ಧವನ್ನು ಈಗ ಬಲ್ಲವರು ಕಡಿಮೆ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ನೀರಿನಿಂದ ಮೆಲ್ಲಗೆ ತೊಳೆದು, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ಮರಳಿ ಬಿಡಬೇಕು. ಬೇರೆ ಬಾವಿ ಆಗದು, ಬಚ್ಚಲಂತೂ ಆಗಲೇ ಆಗದು. ಈ ವಿಧಿಗೆ ಕೊಡ ಇಳಿಯುವಂಥ, ಮೆಟ್ಟಿಲಿರುವಂಥ ನೀರಿನ ನೆಲೆ ಬೇಕು. ತಲಪರಿಗೆಯಲ್ಲಿ ಅದು ಸುಲಭಸಾಧ್ಯ. ಸಾವಿರ ಅಡಿ ಆಳದ, ಆರು ಅಂಗುಲದ ಕೊಳವೆಗೆ ಏನನ್ನು ಮರಳಿಸುವುದು, ಹೇಗೆ ಮರಳಿಸುವುದು? ಮುನಿಗಳ ಆಹಾರಕ್ಕೆ ಬಾವಿಯ ನೀರೇ ಬೇಕೆಂದು ಊರೂರು ಹುಡುಕುವ ಗೃಹಸ್ಥರು ಈ ಪ್ರಶ್ನೆಯನ್ನು ಕಾಲಿನಿಂದಲೇ ಅಳೆಯುತ್ತಿದ್ದಾರೆ.

ಮರಳಿನ ಮಾತು ವ್ಯಾಪಾರಸ್ಥರಿಗೆ ಇನ್ನೂ ಹತ್ತಿರದ್ದು. ಜಯಮಂಗಲಿ, ಪಿನಾಕಿನಿಗಳ ಮರಳು ನೀರನ್ನು ಹೀರಿ ಹಿಡಿದಿಟ್ಟು ಒರತೆಗೆ ಕೊಡುವ ಭಂಡಾರವಾಗಿತ್ತು. ಮನೆಗಳ, ಮಹಡಿಗಳ ಕಟ್ಟಡಕ್ಕಾಗಿ ಆ ಮರಳು ಲಾರಿಗಟ್ಟಲೆ ಹೋಯಿತು. ಒಂದು ಲೋಡಿನ ಲೆಕ್ಕದಲ್ಲಿ ಕೂಲಿ ಇದೆ, ಡೀಸೆಲ್ ಇದೆ, ರಾಜಧನವಿದೆ, ಬಾಡಿಗೆಯಿದೆ, ಲಾಭವೂ ಇದೆ. ಹೊಳೆಯ ದಡದ ಬಾವಿ ಎಷ್ಟು ಅಡಿ ಇಳಿಯಿತೆಂಬುದಕ್ಕೆ ಆ ಖಾತೆಯಲ್ಲಿ ಅಂಕಣವೇ ಇಲ್ಲ. ಆ ಖರ್ಚು ಇನ್ಯಾರದೋ ಹೆಸರಿಗೆ ಬಿದ್ದಿದೆ. ಅಂಥ ಮರಳಿನಿಂದ ಕಟ್ಟಿದ ಅಂಗಡಿ, ಕಲ್ಯಾಣಮಂಟಪ, ಬಸದಿಯ ಪ್ರಾಕಾರ, ಎಲ್ಲವೂ ಆ ಲೆಕ್ಕಕ್ಕೆ ಬಾಧ್ಯವೇ. ಅಚೌರ್ಯವ್ರತದ ಅತಿಚಾರಗಳಲ್ಲಿ ಕದ್ದ ಸರಕನ್ನು ಕೊಳ್ಳುವುದೂ ಒಂದೆಂದು ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಗೊತ್ತಿದೆ. ಪರವಾನಗಿಯ ಕಾಗದವಿದ್ದ ಮಾತ್ರಕ್ಕೆ ಸರಕು ಕದ್ದದ್ದಲ್ಲವೆ ಎಂಬುದನ್ನು ಕೊಳ್ಳುವವನೇ ವಿಚಾರಿಸಬೇಕು.

2021 ಮತ್ತು 2022ರಲ್ಲಿ ಮಳೆ ಧಾರಾಳವಾಗಿ ಸುರಿದು ಕೆರೆಗಳು ಕೋಡಿಬಿದ್ದವು, ಜಯಮಂಗಲಿಯು ದಡ ಮೀರಿ ಹರಿಯಿತು. ಮರಳು ಉಳಿದಿರುವ ಪಾತ್ರದಲ್ಲಿ ಅಂಥ ನೀರು ನಿಂತು ಇಂಗುತ್ತದೆ. ಮರಳು ಹೋಗಿ ಜೇಡಿ, ಬಂಡೆ ಎದ್ದ ಕಡೆ ಹಾಗೆಯೇ ಜಾರಿಹೋಗುತ್ತದೆ. ತಲಪರಿಗೆಯ ಕಲ್ಲುಕಟ್ಟಡ ಎಲ್ಲೆಲ್ಲಿ ಇನ್ನೂ ಇದೆಯೋ ಅಲ್ಲಿ ಹೂಳೆತ್ತಲು ಯಂತ್ರ ಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಪಾಲುದಾರರ ಮನೆಗೊಂದು ಆಳು, ಗುದ್ದಲಿ, ಮಂಕರಿ ಸಾಕು.