ನೇತ್ರಾಣಿಯ ನೀರಿನಲ್ಲಿ ಹಳೆಯ ಕಣ್ಣು

ಮುಂಬಯಿಯಿಂದ ಕೊಂಕಣ ರೈಲು ಹತ್ತಿ ಮುರುಡೇಶ್ವರದಲ್ಲಿ ಇಳಿಯುವವರು 123 ಅಡಿಯ ಶಿವನಿಗೆ ಕೈಮುಗಿದು, ಕಡಲಲ್ಲಿ ಕಾಲು ತೋಯಿಸಿ ಹಿಂದಿರುಗುವುದು ವಾಡಿಕೆ. ನಾವು ಅಣ್ಣತಮ್ಮಂದಿರು ಕಳೆದ ಫೆಬ್ರುವರಿಯಲ್ಲಿ ಅಲ್ಲಿಗೆ ಹೋದದ್ದು ಒಂದು ಮಸೂರದ ಸಲುವಾಗಿ.

ಮಸೂರ ನಮ್ಮ ದೊಡ್ಡಪ್ಪನವರದು. ಹಡಗಿನ ನೌಕರಿಯಲ್ಲಿದ್ದಾಗ, 1986ರಲ್ಲಿ, ಸಿಂಗಾಪುರದಲ್ಲಿ ನಿಕೋನಸ್ ಕ್ಯಾಮರಾದೊಡನೆ ಕೊಂಡದ್ದು. ಕುಸ್ತೊ ಅವರ ‘ಕ್ಯಾಲಿಪ್ಸೊ’ ಕ್ಯಾಮರಾವನ್ನು ಜಪಾನಿನ ನಿಕಾನ್ ಕಂಪನಿ 1963ರಲ್ಲಿ ಕೈಗೆತ್ತಿಕೊಂಡು, ನಿಕೋನಸ್ ಎಂಬ ಹೆಸರಿನಿಂದ 2001ರ ವರೆಗೆ ತಯಾರಿಸಿತು. ಹಾಗೆಯೇ ನೀರಿಗಿಳಿಸಬಹುದಾದ ಯಂತ್ರ. ರಬ್ಬರ್ ಉಂಗುರಗಳ ಮೇಲೆ ಎಚ್ಚರವೊಂದಿದ್ದರೆ ಸಾಕು. ಆ ಎಚ್ಚರ ಒಂದು ದಿನ ತಪ್ಪಿತು. ಉಪ್ಪುನೀರು ಹೊಕ್ಕು ಕ್ಯಾಮರಾ ಸತ್ತಿತು, 15 ಮಿ.ಮೀ. ಮಸೂರ ಮಾತ್ರ ಮೂವತ್ತು ವರ್ಷಕ್ಕೂ ಮೇಲೆ ಟ್ರಂಕಿನಲ್ಲಿ ಉಳಿಯಿತು.

ಹಳೆಯದರ ಮೇಲೆ ಇಷ್ಟೇಕೆ ಮೋಹವೆಂದರೆ, ಅದು ನೀರಿಗಾಗಿಯೇ ಹುಟ್ಟಿದ್ದು. ಸಾಧಾರಣ ಮಸೂರವನ್ನು ಚಪ್ಪಟೆ ಗಾಜಿನ ಹಿಂದಿಟ್ಟು ಮುಳುಗಿಸಿದರೆ ನೋಟ ಕಿರಿದಾಗುತ್ತದೆ, ಅಂಚಿನಲ್ಲಿ ಬಣ್ಣಗಳು ಒಡೆಯುತ್ತವೆ. ಗುಮ್ಮಟದ ಗಾಜು ಹಾಕಿದರೆ ಮೂಲೆಗಳು ಮಸಕಾಗುತ್ತವೆ. ಇದರಲ್ಲಿ ನೀರೂ ಮಸೂರದ ಒಂದು ಭಾಗವೆಂದೇ ಲೆಕ್ಕ. 94 ಡಿಗ್ರಿ ಅಗಲವನ್ನು ಚೊಕ್ಕವಾಗಿ ನೋಡುತ್ತದೆ. ನಿಕೋನಸ್ಸಿನೊಳಗೆ ಕನ್ನಡಿಯಿರಲಿಲ್ಲವಾದ್ದರಿಂದ ಮಸೂರ ಫಿಲ್ಮಿಗೆ ತೀರ ಸಮೀಪ ಕೂರುತ್ತಿತ್ತು. ಮಧ್ಯೆ ಕನ್ನಡಿಯುಳ್ಳ ಕ್ಯಾಮರಾಗಳಲ್ಲಿ ಆ ಜಾಗವೆಲ್ಲಿ? ನಿಕಾನಿನ ಎಫ್ ಮಾದರಿಯಲ್ಲಿ ಮಸೂರದ ಪೀಠಕ್ಕೂ ಫಿಲ್ಮಿಗೂ 46.5 ಮಿ.ಮೀ. ಅಂತರ, ಈಗಿನ ಕನ್ನಡಿಯಿಲ್ಲದ ಸೋನಿಯಲ್ಲಿ ಬರೀ 18. ಹೀಗೆ ಹೊಸ ಕಾಲವೇ ಹಳೆಯದಕ್ಕೆ ಬಾಗಿಲು ತೆರೆಯಿತು! ಕ್ಯಾಮರಾವನ್ನು ಜಲನಿರೋಧಕ ಪೆಟ್ಟಿಗೆಯಲ್ಲಿಟ್ಟು, ಅಡಾಪ್ಟರಿನ ಮೂಲಕ ಮಸೂರವನ್ನು ಪೆಟ್ಟಿಗೆಯ ಬಾಯಿಗೆ ಕೂಡಿಸುವುದು. ಮುಂಗಾಜು ನೇರ ನೀರಿಗೆ. ದೂರವನ್ನು ಕೈಯಿಂದಲೇ ಗುಂಡಿ ತಿರುಗಿಸಿ ಹೊಂದಿಸಬೇಕು.

ಲಾಡ್ಜಿನಲ್ಲಿ ಜೋಡಿಸಿ ನೋಡಿದರೆ ಪರದೆಯ ಮೇಲೆಲ್ಲ ಮಂಜು. ಖರ್ಚು ಮಾಡಿದ ಹಣ ಕಡಲಪಾಲಾಯಿತೆಂದು ನಾವು ಕುಸಿದು ಕುಳಿತೆವು. ದೊಡ್ಡಪ್ಪ ನಕ್ಕರು.

“ತಮ್ಮಾ, ಅದಕ್ಕೆ ಗಾಳಿಯಲ್ಲಿ ಕಣ್ಣು ಕಾಣಿಸುವುದಿಲ್ಲ. ಬಕೆಟ್ಟು ತಾ.”

ಮೊದಲು ಕ್ಯಾಮರಾ ತೆಗೆದು, ಬರಿಯ ಪೆಟ್ಟಿಗೆಯನ್ನು ಮಸೂರಸಮೇತ ಒಂದು ಗಂಟೆ ಮುಳುಗಿಸಿಟ್ಟರು. ಒಳಗೆ ಹನಿಯಿಲ್ಲ. ಅನಂತರ ಉಂಗುರಗಳಿಗೆ ತಾವೇ ಸಿಲಿಕೋನ್ ಗ್ರೀಸು ಸವರಿ, ಕ್ಯಾಮರಾ ಕೂರಿಸಿ ಮುಳುಗಿಸಿದಾಗ ಬಕೆಟ್ಟಿನ ಗೀರುಗಳು ಸಹ ಸ್ಪಷ್ಟವಾಗಿ ಕಂಡವು.

ಮರುದಿನ ದೋಣಿಯಲ್ಲಿ ನೇತ್ರಾಣಿಗೆ. ದಡದಿಂದ ಸುಮಾರು 19 ಕಿಲೋಮೀಟರು. ಡಾಕ್ಟರು ಮುಳುಗಬಾರದೆಂದಿದ್ದಾರೆಯೇ ಹೊರತು ದೋಣಿ ಹತ್ತಬಾರದೆಂದಿಲ್ಲವೆಂದು ದೊಡ್ಡಪ್ಪನ ವಾದ, ಬಂದರು. ನಾವು ತರಬೇತುದಾರರ ಕೈಹಿಡಿದು ಇಳಿದೆವು. ಬಂಡೆ, ಹವಳ, ಅವುಗಳ ನಡುವೆ ಹಳದಿ ಚಿಟ್ಟೆಮೀನುಗಳು. ಆದರೆ ನಿಜ ಹೇಳಬೇಕೆಂದರೆ, ಮೊದಲ ಐದು ನಿಮಿಷ ನಾವು ಮೀನು ನೋಡಲಿಲ್ಲ. ಪೆಟ್ಟಿಗೆಯೊಳಗೆ ಗುಳ್ಳೆ ಕಾಣುತ್ತದೆಯೇ ಎಂದೇ ನೋಡಿದೆವು. ಮೂಲೆಗಳು ತುಸು ಮಬ್ಬಾದದ್ದು ಕಂಡು ಎಫ್ 8ಕ್ಕೆ ಇಳಿಸಿದೆವು.

ಮೇಲೆ ಬಂದು ಪೆಟ್ಟಿಗೆ ಬಿಚ್ಚದೆಯೇ ಕಿಟಕಿಯಲ್ಲಿ ಚಿತ್ರ ತೋರಿಸಿದೆವು. ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

“ನೀರು ಬರಲಿಲ್ಲವಲ್ಲ,” ಎಂದರು.

ಆಮೇಲೆ ನಾವು ಕುಡಿಯಲೆಂದು ತಂದಿದ್ದ ಸಿಹಿನೀರಿನ ಎರಡು ಬಾಟಲಿಗಳನ್ನೂ ಕೇಳದೆ ಮಸೂರದ ಮೇಲೆ ಸುರಿದುಬಿಟ್ಟರು.