ಕರೆಂಟು ಮರಳಿ ಬರುವ ದಾರಿ

ನಮ್ಮ ಮನೆಯಲ್ಲಿ 1994ರ ಒಂದು ಡೀಸೆಲ್ ಜೀಪಿದೆ. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಗೆ ಮಳೆಗಾಲದಲ್ಲಿ ಬೇರೆ ಗಾಡಿ ಹತ್ತುವುದಿಲ್ಲ. ಕಾಫಿ ಮೂಟೆ, ಗ್ಯಾಸ್ ಸಿಲಿಂಡರ್, ಮದುವೆಗೆ ಹೊರಟ ಹೆಂಗಸರು, ಕಾಯಿಲೆ ಬಿದ್ದವರು, ಎಲ್ಲರನ್ನೂ ಹೊತ್ತದ್ದು ಅದೇ. ಅದರ ಬಾನೆಟ್ಟಿನ ಒಳಗೆ ಏನಿದೆ ಎಂದು ನಾನು ಇಣುಕಿಯೂ ನೋಡಿದವಳಲ್ಲ. ಅದು ಗಂಡಸರ ಕೆಲಸ ಎಂದುಕೊಂಡಿದ್ದೆ.

2023ರ ಜುಲೈ ತಿಂಗಳ ಒಂದು ರಾತ್ರಿ ನಮ್ಮ ಮಾಮಿಗೆ ಉಸಿರಾಟದ ತೊಂದರೆ ಜೋರಾಯಿತು. ಚಾರ್ಮಾಡಿ ಘಾಟಿ ಇಳಿದು ಆಸ್ಪತ್ರೆ ಸೇರಬೇಕಿತ್ತು. ಕೊಟ್ಟಿಗೆಹಾರ ದಾಟುವಾಗ ಸುರಿಯುವ ಮಳೆ, ಕಣ್ಣು ಕಟ್ಟುವ ಮಂಜು. ಜೀಪಿನ ಹೆಡ್‌ಲೈಟು ಮೊದಲು ಹಳದಿಯಾಯಿತು, ಆಮೇಲೆ ಕೆಂಡದಂತೆ ಕೆಂಪಾಯಿತು, ಕೊನೆಗೆ ನಂದಿಯೇಹೋಯಿತು. ವೈಪರ್ ಅರ್ಧ ದಾರಿಯಲ್ಲಿ ನಿಂತಿತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ಇಂತಹ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಓಡಲು ಕರೆಂಟು ಬೇಡವಂತೆ. ಡಿಗ್ರಿ ಓದುವ ಮಗ ಮಡ್‌ಗಾರ್ಡಿನ ಮೇಲೆ ಕುಳಿತು ಟಾರ್ಚ್ ಹಿಡಿದ. ಮಾಮಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ಆ ಸಣ್ಣ ಬೆಳಕನ್ನೇ ನೋಡುತ್ತಿದ್ದೆ. ಒಂದು ಲಾರಿ ಸಿಕ್ಕಿತು. ಅದರ ಹಿಂದಿನ ಕೆಂಪು ದೀಪವನ್ನು ಹಿಂಬಾಲಿಸುತ್ತಾ ಕೆಳಗೆ ತಲುಪಿದೆವು. ಮಾಮಿ ಉಳಿದರು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿಯೇ ವಿಚಾರಣೆ ನಡೆಯಿತು. ಮೇ ತಿಂಗಳಲ್ಲಿ ಮಗ ತನ್ನ ಉಳಿತಾಯದ ಹಣದಿಂದ ಜೀಪಿಗೆ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದ. "ನಿನ್ನ ಶೋಕಿಯಿಂದ ಉಮ್ಮ ಹೋಗಿಬಿಡುತ್ತಿದ್ದರು" ಎಂದರು ಮನೆಯವರು. ಮಳೆಯಲ್ಲಿ ನೆನೆದು ಜ್ವರ ಹಿಡಿಸಿಕೊಂಡಿದ್ದ ಹುಡುಗ ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮನೆಗೆ ಬಂದವನೇ ಅವನು ಆ ದೀಪಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಮತ್ತೆ ಜೀಪಿನ ಹತ್ತಿರ ಹೋಗಲಿಲ್ಲ. ತಂದೆಯ ಜೊತೆ ಊಟಕ್ಕೂ ಕೂರುತ್ತಿರಲಿಲ್ಲ.

ಹೊಸ ಬ್ಯಾಟರಿ ಬಂತು. ಆಲ್ಟರ್ನೇಟರ್ ಬಿಚ್ಚಿ ರಿಪೇರಿ ಮಾಡಿಸಿದ್ದಾಯಿತು. ಎರಡು ವಾರ ಎಲ್ಲವೂ ಸರಿಯಿತ್ತು. ಮತ್ತೆ ಅದೇ ಕಥೆ. ದೀಪ ಮಂಕು, ಸ್ಟಾರ್ಟರ್ ಸುಸ್ತು. ಫಾಗ್ ಲ್ಯಾಂಪ್ ಈಗ ಅಟ್ಟದಲ್ಲಿದೆ, ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಪೇಟೆಯಲ್ಲಿ ಗಾಡಿಗಳ ವಯರಿಂಗ್ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ನನ್ನ ಗೋಳು ಕೇಳಿ ಅವರು ನಕ್ಕರು. "ಟೀಚರೇ, ಕರೆಂಟು ಹೋಗುವ ದಾರಿ ಎಲ್ಲರೂ ನೋಡ್ತಾರೆ. ವಾಪಸ್ ಬರುವ ದಾರಿ ಯಾರೂ ನೋಡೋದಿಲ್ಲ. ಹಳೇ ಗಾಡಿಯ ಅರ್ಧ ರೋಗ ಅರ್ತಿನದ್ದು" ಎಂದರು. ಬ್ಯಾಟರಿಯ ಪ್ಲಸ್ ಕಡೆಯಿಂದ ಕರೆಂಟು ವಯರಿನ ಮೂಲಕ ದೀಪಕ್ಕೆ ಹೋಗುತ್ತದೆ. ಹಿಂದೆ ಬರುವುದು ಮಾತ್ರ ಹೆಚ್ಚಾಗಿ ಗಾಡಿಯ ಕಬ್ಬಿಣದ ಮೂಲಕ. ಬಾಡಿ, ಚಾಸಿಸ್, ಎಂಜಿನ್ ಇವುಗಳನ್ನು ಜೋಡಿಸುವ ಪಟ್ಟಿಗಳಿರುತ್ತವೆ. ಅವುಗಳಿಗೆ ತುಕ್ಕು, ಕಿಲುಬು ಹಿಡಿದರೆ ದಾರಿ ಕಟ್ಟಿತು. ಅವರು ತಮ್ಮ ಹಳೆಯ ಮೀಟರನ್ನು ನನ್ನ ಕೈಗಿತ್ತು, ಅಳೆಯುವ ಕ್ರಮವನ್ನು ಕಾಗದದ ಮೇಲೆ ಬರೆದುಕೊಟ್ಟರು.

ಆ ಕ್ರಮ ನನಗೆ ಹೊಸದೆನಿಸಲಿಲ್ಲ. ಅರಬಿ ವ್ಯಾಕರಣ ಕಲಿಸುವಾಗ ಮಕ್ಕಳಿಗೆ ನಾನೇ ಹೇಳುವುದಿದೆ: ಪದದ ಕೊನೆಯಲ್ಲಿ ಬಂದ ಸ್ವರ ನೋಡಿ ಊಹೆ ಮಾಡಬೇಡಿ, ಅದನ್ನು ತಂದ ಪದ ಯಾವುದೆಂದು ಹಿಂದಕ್ಕೆ ಹೋಗಿ ಹುಡುಕಿ.

ಭಾನುವಾರ ಬೆಳಿಗ್ಗೆ ಬಳೆ, ಉಂಗುರ ಬಿಚ್ಚಿಟ್ಟು, ದುಪ್ಪಟ್ಟಾವನ್ನು ಬಿಗಿಯಾಗಿ ಸಿಕ್ಕಿಸಿ ಜೀಪಿನ ಮುಂದೆ ನಿಂತೆ. ಸಹೋದರಿಯರು ಇದನ್ನು ಮರೆಯಬಾರದು. ಲೋಹದ ಬಳೆ ಬ್ಯಾಟರಿಯ ಎರಡು ತುದಿಗಳಿಗೆ ಒಮ್ಮೆಲೇ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ತೂಗಾಡುವ ಬಟ್ಟೆಯನ್ನು ಫ್ಯಾನ್ ಬೆಲ್ಟ್ ಎಳೆದುಕೊಳ್ಳುತ್ತದೆ.

ಹಿಂದಿನ ರಾತ್ರಿ ಚಾರ್ಜ್ ಮಾಡಿಸಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿಯ ಲೆಕ್ಕ ಅದು. ಎಂಜಿನ್ ಚಾಲೂ ಮಾಡಿ ಹೆಡ್‌ಲೈಟು ಹಾಕಿದೆ. ಈಗ ಬ್ಯಾಟರಿಯ ಮೇಲೆ 14ರ ಆಸುಪಾಸು ಇರಬೇಕಿತ್ತು, ಇದ್ದದ್ದು 12.2. ಆಲ್ಟರ್ನೇಟರಿನ ಮೇಲೆಯೇ ಅಳೆದೆ. ಅಲ್ಲಿ 14.3 ಇತ್ತು! ಅಂದರೆ ಅಡುಗೆ ಬೆಂದಿದೆ, ತಟ್ಟೆಗೆ ಬಂದಿಲ್ಲ. ಆಲ್ಟರ್ನೇಟರಿನಿಂದ ಬ್ಯಾಟರಿಯ ಪ್ಲಸ್‌ವರೆಗೆ ದಾರಿಯಲ್ಲಿ ಕಳೆದುಹೋಗುತ್ತಿದ್ದುದು ಬರೀ 0.1. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ವರೆಗೆ ಅಳೆದರೆ ಪೂರಾ 2 ವೋಲ್ಟ್! ಕಳ್ಳ ಇದ್ದದ್ದು ಮರಳುವ ದಾರಿಯಲ್ಲಿ. ಅದನ್ನೂ ತುಂಡು ಮಾಡಿ ನೋಡಿದೆ. ಚಾಸಿಸ್‌ನಿಂದ ಬ್ಯಾಟರಿಗೆ 0.1, ಎಂಜಿನ್‌ನಿಂದ ಚಾಸಿಸ್‌ಗೆ 1.9.

ಎಂಜಿನ್ ಆಫ್ ಮಾಡಿ, ಚಾಪೆ ಹಾಸಿ ಜೀಪಿನ ಅಡಿಗೆ ತೂರಿ ಟಾರ್ಚ್ ಬಿಟ್ಟೆ. ಎಂಜಿನ್ನನ್ನು ಚಾಸಿಸ್‌ಗೆ ಜೋಡಿಸುವ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಎಣ್ಣೆ, ಕೆಸರಿನ ಅಡಿಯಲ್ಲಿ ಹಸಿರು ಕಿಲುಬು ಹಿಡಿದು ಕುಳಿತಿತ್ತು. ಬೆರಳಲ್ಲಿ ಮುಟ್ಟಿದಾಗ ಎಳೆಗಳು ಪುಡಿಪುಡಿಯಾಗಿ ಉದುರಿದವು. ನಾಲ್ಕೈದು ಎಳೆ ಮಾತ್ರ ಉಳಿದಿದ್ದವು.

ಆಗ ಏಪ್ರಿಲ್ ತಿಂಗಳ ಒಂದು ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಫಾಗ್ ಲ್ಯಾಂಪ್ ತರುವ ಮೊದಲೇ ಮಗ ಅಡುಗೆಮನೆಗೆ ಬಂದು ಹೇಳಿದ್ದ: "ಉಮ್ಮಾ, ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗ್ತದೆ." "ಎಂಜಿನ್ ಬಿಸಿ ಇದ್ದರೆ ಕೇಬಲ್ ಬಿಸಿಯಾಗದೆ ಇರ್ತದಾ?" ಎಂದು ನಾನು ರೊಟ್ಟಿ ತಟ್ಟುವುದನ್ನು ಮುಂದುವರಿಸಿದ್ದೆ. ಸ್ಟಾರ್ಟರಿಗೆ ಬೇಕಾದ ಭಾರೀ ಕರೆಂಟು ತನ್ನ ಪಟ್ಟಿ ಹಾಳಾದಾಗ ಸಿಕ್ಕ ದಾರಿ ಹಿಡಿಯುತ್ತದೆ. ಆ ಸಪೂರ ಕೇಬಲ್ಲಿನಲ್ಲಿಯೇ ನುಗ್ಗಿ ಅದನ್ನು ಕಾಯಿಸುತ್ತದೆ. ವಯರಿಂಗ್‌ನವರ ಕಾಗದದ ಕೊನೆಯ ಸಾಲಿನಲ್ಲಿ ಇದೇ ಲಕ್ಷಣ ಬರೆದಿತ್ತು. ನನ್ನ ಮಗ ಅದನ್ನು ಮೂರು ತಿಂಗಳ ಮೊದಲೇ ಕಂಡಿದ್ದ. ಕೇಳುವ ಕಿವಿ ಇರಲಿಲ್ಲ.

ಅವನನ್ನು ಕರೆದೆ. ಬರಲು ಮನಸ್ಸಿಲ್ಲದೆ ಬಂದ. ಹೊಸ ಪಟ್ಟಿಗೆ ಕೊಟ್ಟದ್ದು ನೂರೈವತ್ತು ರೂಪಾಯಿ. ಬ್ಯಾಟರಿಯ ಮೈನಸ್ ಬಿಚ್ಚಿ, ಬೋಲ್ಟಿನ ಜಾಗವನ್ನು ಮರಳುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸ್ ಹಚ್ಚಿದ. ಮತ್ತೆ ಅಳೆದಾಗ ಬ್ಯಾಟರಿಯ ಮೇಲೆ 14.1. ಹೆಡ್‌ಲೈಟು ಎದುರಿನ ಕೊಟ್ಟಿಗೆಯ ಗೋಡೆಯ ಮೇಲೆ ಬೆಳ್ಳಗೆ ಬಿತ್ತು.

"ನೀನು ಏಪ್ರಿಲ್‌ನಲ್ಲೇ ಹೇಳಿದ್ದೆ. ನಾನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಪರವಾಗಿ ಬಾಯಿಬಿಡಲೂ ಇಲ್ಲ" ಎಂದೆ. ಅವನು ಕೈಯ ಗ್ರೀಸನ್ನು ಒರೆಸುತ್ತಲೇ ಇದ್ದ. "ಪರವಾಗಿಲ್ಲ ಉಮ್ಮಾ" ಎನ್ನುವಾಗ ಧ್ವನಿ ಸರಿ ಇರಲಿಲ್ಲ.

ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಮನೆಯವರು ಆಗ ಏನೂ ಮಾತಾಡಲಿಲ್ಲ. ಕ್ಷಮೆ ಕೇಳುವುದು ಅವರಿಗೆ ಅಭ್ಯಾಸವಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮೀನಿನ ದೊಡ್ಡ ತುಂಡನ್ನು ಮಗನ ತಟ್ಟೆಗೆ ಹಾಕಿ ಕೇಳಿದರು: "ಆ ಫಾಗ್ ಲ್ಯಾಂಪ್ ಎಲ್ಲಿಟ್ಟಿದ್ದೀಯ? ಹಾಕು. ಘಾಟಿಯ ಮಂಜಿಗೆ ಬೇಕಾಗ್ತದೆ."

"ಈ ಸಲ ರಿಲೇ ಇಟ್ಟು ಹಾಕ್ತೇನೆ ಉಪ್ಪಾ" ಎಂದ ಮಗ.

ಎಷ್ಟೋ ದಿನಗಳ ನಂತರ ಅವರಿಬ್ಬರೂ ಒಟ್ಟಿಗೆ ಕುಳಿತು ಉಂಡರು. ಕೋಣೆಯಿಂದ ಮಾಮಿ ಕೂಗಿ ಕೇಳಿದರು, "ಜೀಪು ಸರಿಯಾಯಿತಾ?"