ಎಳೆ ಯಾವ ಕಡೆಗಿದೆ?

ವಿಜ್ಞಾನದ ಮೇಷ್ಟರಿಗೆ ಅಡುಗೆಮನೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಪಾಠ ಮಾಡಿದ ಶಾಲೆಗಳಲ್ಲಿ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಬೀರು. ಅದರೊಳಗೆ ಅರ್ಧ ಡಜನ್ ಪ್ರನಾಳ, ಒಂದು ಸ್ಪಿರಿಟ್ ದೀಪ, ಬಣ್ಣ ಕಳೆದುಕೊಂಡ ಲಿಟ್ಮಸ್ ಕಾಗದ. ಇಷ್ಟನ್ನು ನಂಬಿಕೊಂಡು 28 ವರ್ಷ ವಿಜ್ಞಾನ ಹೇಳಲು ಆಗುವುದಿಲ್ಲ. ಹೀಗಾಗಿ ‘ಮನೆಗೆ ಹೋಗಿ ಅಮ್ಮ ಅಡುಗೆ ಮಾಡುವುದನ್ನು ನೋಡಿಕೊಂಡು ಬನ್ನಿ’ ಎಂದು ಮಕ್ಕಳಿಗೆ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಇಡ್ಲಿ ಬೆಳ್ಳಗೇ ಇರುತ್ತದೆ, ದೋಸೆ ಮಾತ್ರ ಕೆಂಪಗಾಗುತ್ತದೆ, ಏಕೆ? ಈ ಒಂದು ಪ್ರಶ್ನೆಯಿಂದ ಎರಡು ಪೀರಿಯಡ್ ಪಾಠ ಮಾಡಬಹುದು.

ಇಂದು ಹೇಳಹೊರಟಿರುವುದು ಮಾತ್ರ ನಮ್ಮ ಒಲೆಯ ಕಥೆಯಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಒಲೆಯದು. ನನ್ನ ಮಗ ಅಲ್ಲಿನ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿ ಎಂ.ಎಸ್. ಓದುತ್ತಿದ್ದ. 2023ರ ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಅವನ ಪದವಿ ಪ್ರದಾನಕ್ಕೆಂದು ಹೋಗಿ, ಒಂದು ತಿಂಗಳು ಅವನ ಬಾಡಿಗೆ ಮನೆಯಲ್ಲೇ ಇದ್ದೆವು. ಅವನ ಜೊತೆಗಾರ ದಕ್ಷಿಣ ಟೆಕ್ಸಾಸ್‌ನ ಹುಡುಗ. ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿಯ ಸೀಮೆಯವನು. ಮನೆಯಲ್ಲಿ ಸ್ಪ್ಯಾನಿಷ್, ಹೊರಗೆ ಇಂಗ್ಲಿಷ್. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಅವನ ತಾತ ದನ ಸಾಕುವ ದೊಡ್ಡ ರಾಂಚ್ ಒಂದರಲ್ಲಿ ಕೂಲಿಯಾಳಾಗಿದ್ದವರು.

ಒಂದು ಮಂಗಳವಾರ ಸಂಜೆ ಆ ಹುಡುಗ ‘ಇವತ್ತು ಅಡುಗೆ ನನ್ನದು, ಫಹೀತಾ ಮಾಡುತ್ತೇನೆ’ ಎಂದ. ಮರುದಿನ ಇಬ್ಬರಿಗೂ ಪರೀಕ್ಷೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತನ್ನು ಒಲೆಗೆ ಕೊಡುವಂತಿರಲಿಲ್ಲ. ನಾವು ಕೋಳಿ, ಕುರಿ ತಿನ್ನುವ ಮನೆಯವರು. ದನದ ಮಾಂಸ ತಿನ್ನುವವರಲ್ಲ. ಇದನ್ನು ಮಗನಿಂದ ಮೊದಲೇ ತಿಳಿದಿದ್ದ ಆತ ನಮಗೆಂದು ಬೇರೆ ಬಾಣಲೆಯಲ್ಲಿ, ಬೇರೆ ಹಲಗೆಯ ಮೇಲೆ ಕೋಳಿ ಸಿದ್ಧಮಾಡಿಕೊಂಡ. ಮೇಜು ಒಂದು, ಬಾಣಲೆ ಎರಡು. ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ. ಮಗ ಯಾವ ಬಾಣಲೆಗೆ ಕೈ ಹಾಕಿದ ಎಂಬುದನ್ನು ನಾನು ನೋಡಹೋಗಲಿಲ್ಲ. ಅವನ ತಾಯಿ ನೋಡಿದಳೋ ಏನೋ, ಹೇಳಲಿಲ್ಲ.

ಮೊದಲು ಹೆಸರಿನ ವಿಚಾರ. ಸ್ಪ್ಯಾನಿಷ್‌ನಲ್ಲಿ ‘ಫಾಹ’ ಎಂದರೆ ಸೊಂಟಪಟ್ಟಿ. ‘ಫಹೀತಾ’ ಎಂದರೆ ಚಿಕ್ಕ ಪಟ್ಟಿ. ದನದ ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಒಂದು ಸ್ನಾಯು ಇದೆಯಲ್ಲ, ಒಂಬತ್ತನೆಯ ತರಗತಿಯವರು ಹೇಳಿ ನೋಡೋಣ? ಹೌದು, ವಪೆ. ಆ ವಪೆಯಿಂದ ತೆಗೆದ ಉದ್ದನೆಯ, ತೆಳ್ಳನೆಯ ಪಟ್ಟಿಯೇ ಫಹೀತಾ. ಅಂಗಡಿಯಲ್ಲಿ ಅದಕ್ಕೆ ಸ್ಕರ್ಟ್ ಸ್ಟೇಕ್ ಎನ್ನುತ್ತಾರೆ. ಅಂದರೆ ಮೂಲದಲ್ಲಿ ಇದು ತಿನಿಸಿನ ಹೆಸರಲ್ಲ, ಮಾಂಸದ ಒಂದು ತುಂಡಿನ ಹೆಸರು. ಹಾಗಾದರೆ ಕೋಳಿಗೆ ವಪೆಯ ಪಟ್ಟಿ ಎಲ್ಲಿಂದ ಬಂತು, ‘ಚಿಕನ್ ಫಹೀತಾ’ ಎನ್ನುವುದು ಅಸಂಬದ್ಧವಲ್ಲವೇ? ಅಸಂಬದ್ಧವೇ. ಆದರೆ ನಗುವ ಮೊದಲು ನಮ್ಮ ‘ಎಣ್ಣೆ’ಯನ್ನು ನೆನೆಯಿರಿ. ಎಳ್ಳಿನ ನೆಯ್ ಆಗಿದ್ದದ್ದು ಎಣ್ಣೆಯಾಯಿತು. ಆಮೇಲೆ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಕೊನೆಗೆ ಎಳ್ಳಿನ ಸುಳಿವೇ ಇಲ್ಲದ ಸೀಮೆಎಣ್ಣೆಯೂ ಬಂತು. ಮಾತು ಬೆಳೆಯುವ ಬಗೆ ಎಲ್ಲ ಕಡೆಯೂ ಒಂದೇ.

ಈ ಪಟ್ಟಿ ಒಂದು ಕಾಲದಲ್ಲಿ ಯಾರಿಗೂ ಬೇಡದ ವಸ್ತು. 1930-40ರ ದಶಕಗಳಲ್ಲಿ ದಕ್ಷಿಣ ಮತ್ತು ಪಶ್ಚಿಮ ಟೆಕ್ಸಾಸ್‌ನ ರಾಂಚ್‌ಗಳಲ್ಲಿ ದನ ಕಡಿದಾಗ ಒಳ್ಳೆಯ ಮಾಂಸ ಮಾಲೀಕರಿಗೂ ಮಾರುಕಟ್ಟೆಗೂ ಹೋಗುತ್ತಿತ್ತು. ಚರ್ಮ, ತಲೆ, ಕರುಳು, ಇಂಥ ಪಟ್ಟಿಗಳು ‘ವಾಕೇರೊ’ಗಳಿಗೆ, ಎಂದರೆ ಮೆಕ್ಸಿಕನ್ ಮೂಲದ ದನಗಾಹಿಗಳಿಗೆ, ಕೂಲಿಯ ಒಂದು ಭಾಗವಾಗಿ ಸಿಗುತ್ತಿದ್ದವು. 1980ರ ದಶಕದಲ್ಲಿ ಕಾಲೇಜ್ ಸ್ಟೇಷನ್ನಿನ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನ ವಿಭಾಗದ ಹೊಮೆರೊ ರೆಸಿಯೊ ಈ ಖಾದ್ಯದ ಮೂಲವನ್ನು ಹುಡುಕಿಕೊಂಡು ಹೋದಾಗ, ದಾರಿ ಕೊನೆಗೆ ಮುಟ್ಟಿದ್ದು ಈ ದನಗಾಹಿಗಳ ಬಯಲು ಒಲೆಗೇ.

ಯಾರಿಗೂ ಏಕೆ ಬೇಡವಾಗಿತ್ತು? ಅಗಿಯಲು ಬಾರದಷ್ಟು ನಾರು. ದನ ಹುಟ್ಟಿದಂದಿನಿಂದ ಸಾಯುವವರೆಗೆ ಒಂದೊಂದು ಉಸಿರಿಗೂ ದುಡಿಯುವ ಸ್ನಾಯು ಅದು. ವಿಶ್ರಾಂತಿ ಕಾಣದ ಸ್ನಾಯುವಿನಲ್ಲಿ ಎಳೆಗಳು ದಪ್ಪವಾಗಿ, ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಅವುಗಳನ್ನು ಬಿಗಿಯುವ ಕೊಲ್ಯಾಜೆನ್ ಎಂಬ ಪ್ರೋಟೀನು ಕೂಡ ಅಲ್ಲಿ ಹೆಚ್ಚು. ಅದೇ ದುಡಿಮೆಯಿಂದ ಬಣ್ಣವೂ ಗಾಢ, ರುಚಿಯೂ ಗಾಢ. ರುಚಿ ಮತ್ತು ಗಟ್ಟಿತನ ಒಟ್ಟಿಗೇ ಬಂದಿವೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆಯುವುದು ಹೇಗೆ? ಕೂಲಿಯವರ ಮುಂದಿದ್ದ ಲೆಕ್ಕ ಇದು. ಅವರು ಅದನ್ನು ಬಿಡಿಸಿದರು.

ಹುಡುಗ ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಸುಮಾರು 700 ಗ್ರಾಂ ಮಾಂಸಕ್ಕೆ ಎರಡು ನಿಂಬೆಹಣ್ಣಿನ ರಸ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದೊಂದು ಚಮಚ ಜೀರಿಗೆಪುಡಿ ಮತ್ತು ಖಾರದ ಪುಡಿ, ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ. ಇವನ್ನು ಸವರಿ 20 ನಿಮಿಷ ಬಿಟ್ಟ. ಇಡೀ ರಾತ್ರಿ ನೆನೆಸಿದರೆ ಇನ್ನೂ ಮೆತ್ತಗಾಗುವುದಿಲ್ಲವೇ ಎಂದು ಮಗ ಕೇಳಿದ. ಹುಳಿ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಇಳಿಯುತ್ತದೆ. ನಿಂಬೆರಸ ಹಾಲನ್ನು ಒಡೆಯುವಂತೆಯೇ ಇಲ್ಲೂ ಪ್ರೋಟೀನಿನ ರೂಪ ಕೆಡಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೊರಗೆ ಹಿಟ್ಟಿನಂತಾಗಿ ಒಳಗೆ ಮೊದಲಿನಂತೆಯೇ ಉಳಿಯುತ್ತದೆ. ನಮ್ಮ ಕಡೆ ಬಲಿತ ಕುರಿಮಾಂಸಕ್ಕೆ ಪರಂಗಿಕಾಯಿ ಅರೆದು ಹಚ್ಚುತ್ತಾರಲ್ಲ, ಅದು ಬೇರೆ ಬಗೆ. ಅದರಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನಿನ ಸರಪಳಿಯನ್ನೇ ಕತ್ತರಿಸುತ್ತದೆ.

ಆಮೇಲೆ ಅವನು ಮಾಡಿದ ಕೆಲಸ ನನ್ನ ಹೆಂಡತಿಗೆ ವಿಚಿತ್ರವಾಗಿ ಕಂಡಿತು. ಅಷ್ಟು ಮುತುವರ್ಜಿಯಿಂದ ಸವರಿದ ಮಾಂಸದ ತೇವವನ್ನೆಲ್ಲ ಕಾಗದದಿಂದ ಒತ್ತಿ ಒರೆಸಿಬಿಟ್ಟ. ಇಲ್ಲಿದೆ ನೋಡಿ ಇಡ್ಲಿ-ದೋಸೆಯ ಉತ್ತರ. ನೀರು ಇರುವವರೆಗೆ ಯಾವ ಮೇಲ್ಮೈಯೂ 100 ಡಿಗ್ರಿ ಸೆಲ್ಸಿಯಸ್ ಬಳಿಯೇ ನಿಂತಿರುತ್ತದೆ. ಒಂದು ಗ್ರಾಂ ನೀರನ್ನು ಕೋಣೆಯ ಉಷ್ಣತೆಯಿಂದ ಕುದಿಯುವವರೆಗೆ ತರಲು ಸುಮಾರು 75 ಕ್ಯಾಲೊರಿ ಸಾಕು. ಅದನ್ನು ಆವಿಯಾಗಿಸಲು ಬೇಕಾಗುವುದು 540 ಕ್ಯಾಲೊರಿ. ಬಾಣಲೆಯ ಕಾವೆಲ್ಲ ಅಲ್ಲೇ ಖರ್ಚು. ಅಮೈನೊ ಆಮ್ಲಗಳೂ ಸಕ್ಕರೆಗಳೂ ಕೂಡಿ ಕೆಂಪು ಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ರಿಯೆ ಬಿರುಸಾಗಬೇಕಾದರೆ ಉಷ್ಣತೆ 140 ಡಿಗ್ರಿ ದಾಟಬೇಕು. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇಡ್ಲಿ ಹಬೆಯಲ್ಲಿದೆ, 100 ದಾಟುವುದಿಲ್ಲ. ದೋಸೆ ಕಾವಲಿಯ ಮೇಲಿದೆ, ದಾಟುತ್ತದೆ.

ಎರಕದ ಕಬ್ಬಿಣದ ಬಾಣಲೆಯನ್ನು ಐದು ನಿಮಿಷ ಬರಿದಾಗಿ ಕಾಯಿಸಿ, ಒಂದು ಹನಿ ನೀರು ಚಿಮುಕಿಸಿದ. ಹನಿ ಗೋಲಿಯಂತೆ ಉರುಳಾಡಿತು. ನನ್ನ ಹೆಂಡತಿ ನಕ್ಕಳು. ದೋಸೆಯ ಕಾವಲಿಯನ್ನು ಅವಳು ನೋಡುವುದೂ ಹೀಗೆಯೇ. ಮಾಂಸವನ್ನು ಒಂದೊಂದು ಮಗ್ಗುಲು ಎರಡೂವರೆ ನಿಮಿಷ ಮಾತ್ರ ಸುಟ್ಟ. ಹೊಗೆಯೆದ್ದು ಚಾವಣಿಯ ಗಂಟೆ ಕಿರುಚಿಕೊಂಡಿತು. ಮಗ ಕಿಟಕಿ ತೆರೆದು ಟವೆಲ್ ಬೀಸುತ್ತಾ ನಿಂತ.

ಇಷ್ಟು ಬೇಗ ಏಕೆ? ಉಷ್ಣತೆ 65-70 ಡಿಗ್ರಿ ಮುಟ್ಟುತ್ತಿದ್ದಂತೆ ಸ್ನಾಯುವಿನ ಎಳೆಗಳು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂತೆ ಒಳಗಿನ ನೀರನ್ನು ಹೊರಕ್ಕೆ ಹಿಂಡಿಬಿಡುತ್ತವೆ. ಕೊಲ್ಯಾಜೆನ್ ಕರಗಿ ಜೆಲಾಟಿನ್ ಆಗಲು ಅದಕ್ಕಿಂತ ಹೆಚ್ಚಿನ ಕಾವಿನಲ್ಲಿ ಗಂಟೆಗಟ್ಟಲೆ ಬೇಕು. ಒಂದೋ ಗಂಟೆಗಟ್ಟಲೆ ಬೇಯಿಸಬೇಕು, ಇಲ್ಲವೇ ನಿಮಿಷದಲ್ಲಿ ಮುಗಿಸಬೇಕು. ನಡುದಾರಿ ಹಿಡಿದರೆ ಚಪ್ಪಲಿಯ ತೊಗಲು. ಮಗ ಥರ್ಮಾಮೀಟರ್ ಚುಚ್ಚಿ 63 ಎಂದು ಓದುವ ಹೊತ್ತಿಗೆ, ಆ ಹುಡುಗ ಬೆರಳಿನಿಂದ ಒತ್ತಿ ‘ಆಯಿತು’ ಎಂದಾಗಿತ್ತು. ಅಮೆರಿಕದ ಕೃಷಿ ಇಲಾಖೆ ಇಂಥ ಇಡೀ ತುಂಡಿಗೆ ಸುರಕ್ಷಿತವೆಂದು ಹೇಳುವುದೂ 63 ಡಿಗ್ರಿ, ಜೊತೆಗೆ ಮೂರು ನಿಮಿಷ ವಿರಾಮ. ಕೋಳಿಗೆ ಮಾತ್ರ 74. ಅದನ್ನು ಬೆರಳಿಗೆ ಬಿಡದೆ ಇಬ್ಬರೂ ಥರ್ಮಾಮೀಟರಿನಲ್ಲೇ ನೋಡಿದರು.

ಮಾಂಸ ಹಲಗೆಯ ಮೇಲೆ ತಣಿಯುತ್ತಿರುವಾಗ ಅದೇ ಬಾಣಲೆಗೆ ಈರುಳ್ಳಿ, ದಪ್ಪ ಮೆಣಸಿನಕಾಯಿ ಬಿತ್ತು. ಇನ್ನೊಂದು ಪಾಲು ನಮ್ಮ ಬಾಣಲೆಗೆ. ಪಕ್ಕದಲ್ಲಿ ಮೈದಾದ ‘ತೋರ್ತಿಯಾ’, ನಮ್ಮ ಚಪಾತಿಯ ದಾಯಾದಿ, ಬಿಸಿಯಾಗುತ್ತಿತ್ತು. ಮೆಣಸಿನಕಾಯಿ, ಟೊಮೆಟೊ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದವು. ಜೀರಿಗೆ, ಕೊತ್ತಂಬರಿ, ಈರುಳ್ಳಿ, ಗೋಧಿ, ನಿಂಬೆ ಈ ಕಡೆಯಿಂದ ಆ ಕಡೆಗೆ ಹೋದವು. ದನವೂ ಅಷ್ಟೇ, ಕೊಲಂಬಸ್‌ನ ಎರಡನೆಯ ಯಾನದಲ್ಲಿ, 1493ರಲ್ಲಿ, ಅಲ್ಲಿಗೆ ಹಡಗಿನಲ್ಲಿ ಹೋದದ್ದು.

ಈಗ ಮುಖ್ಯ ವಿಷಯ. ಹುಡುಗ ಚಾಕು ಎತ್ತುವ ಮೊದಲು ಬಗ್ಗಿ, ಎಳೆಗಳು ಯಾವ ಕಡೆ ಓಡುತ್ತಿವೆ ಎಂದು ನೋಡಿದ. ಆಮೇಲೆ ಅವಕ್ಕೆ ಅಡ್ಡವಾಗಿ, ಬೆರಳಗಲಕ್ಕಿಂತ ತೆಳ್ಳಗೆ ಹೆಚ್ಚುತ್ತಾ ಹೋದ. ‘ಗೆರೆ ನೋಡು, ಆಮೇಲೆ ಚಾಕು ಎತ್ತು ಅಂತ ತಾತ ಹೇಳುತ್ತಿದ್ದರು’ ಎಂದ. ಎಳೆಯ ಉದ್ದಕ್ಕೆ ಕೊಯ್ದರೆ ಬಾಯಿಗೆ ಬರುವುದು ಹತ್ತು ಸೆಂಟಿಮೀಟರಿನ ಹಗ್ಗ. ಅದನ್ನು ಕಡಿಯುವ ಕೆಲಸವೆಲ್ಲ ಹಲ್ಲಿನದು. ಅಡ್ಡ ಕೊಯ್ದರೆ ಅರ್ಧ ಸೆಂಟಿಮೀಟರಿನ ಚೂರುಗಳು. ಹಗ್ಗವನ್ನು ಚಾಕು ಆಗಲೇ ಕಡಿದಿರುತ್ತದೆ. ಮಾಂಸ ಅದೇ, ಚಾಕು ಅದೇ. ಬದಲಾದದ್ದು 90 ಡಿಗ್ರಿ ಕೋನ ಮಾತ್ರ.

ದೂರದಿಂದಲೇ ನೋಡುತ್ತಿದ್ದ ನನ್ನ ಹೆಂಡತಿ ‘ಬಾಳೆದಿಂಡು ಹೆಚ್ಚಿದ ಹಾಗಲ್ಲವೇ?’ ಎಂದಳು. ಪಿಯುಸಿಗೆ ಓದು ನಿಲ್ಲಿಸಿದವಳು ಅವಳು. ಬಾಳೆದಿಂಡನ್ನು ನಾವು ಬಿಲ್ಲೆಬಿಲ್ಲೆಯಾಗಿ ಅಡ್ಡ ಕೊಯ್ದು, ಎಳೆಯುವ ನೂಲನ್ನು ಬೆರಳಿಗೆ ಸುತ್ತಿ ತೆಗೆಯುತ್ತೇವಲ್ಲ, ಅದು. ಮಗ ಇಂಗ್ಲಿಷಿನಲ್ಲಿ ಹೇಳಿದ. ಬಾಳೆದಿಂಡನ್ನು ಕಂಡರಿಯದ ಆ ಹುಡುಗನಿಗೆ ಬೆರಳಿನ ಸನ್ನೆಯಿಂದಲೇ ಅರ್ಥವಾಯಿತು. ಶಾಲೆಗೆ ಹೋಗದ ಟೆಕ್ಸಾಸ್‌ನ ತಾತನೂ ನಮ್ಮ ಮನೆಯಾಕೆಯೂ ಒಂದೇ ಪಾಠವನ್ನು ಕಲಿತಿದ್ದರು.

ಊಟದ ನಡುವೆ ಅವನು ಉಳಿದ ಕಥೆ ಹೇಳಿದ. 1969ರ ಸೆಪ್ಟೆಂಬರಿನಲ್ಲಿ ಕೈಲ್ ಎಂಬ ಸಣ್ಣ ಊರಿನಲ್ಲಿ, ಮೆಕ್ಸಿಕೊದ ಸ್ವಾತಂತ್ರ್ಯೋತ್ಸವದಂದು, ಸನ್ನಿ ಫಾಲ್ಕನ್ ಎಂಬ ಮಾಂಸದಂಗಡಿಯ ಮೇಲ್ವಿಚಾರಕ ಫಹೀತಾ ಮಾರಲು ಅಂಗಡಿ ಹಾಕಿದರು. 1973ರಲ್ಲಿ ಹೂಸ್ಟನ್ನಿನಲ್ಲಿ ನಿನ್ಫಾ ಲಾರೆಂಜೊ ಎಂಬ ವಿಧವೆ ತಮ್ಮ ತೋರ್ತಿಯಾ ಕಾರ್ಖಾನೆಗೆ ಅಂಟಿಸಿಕೊಂಡು ಪುಟ್ಟ ಹೋಟೆಲು ತೆರೆದು, ಸುಟ್ಟ ಇದೇ ಮಾಂಸವನ್ನು ಬಡಿಸಿ ಹೆಸರು ಮಾಡಿದರು. 1982ರಲ್ಲಿ ಆಸ್ಟಿನ್ನಿನ ದೊಡ್ಡ ಹೋಟೆಲೊಂದರಲ್ಲಿ ಜಾರ್ಜ್ ವೈಡ್‌ಮನ್ ಎಂಬ ಬಾಣಸಿಗರು ಚುರುಗುಟ್ಟುವ ಕಬ್ಬಿಣದ ತಟ್ಟೆಯಲ್ಲಿ ಅದನ್ನು ಮೇಜಿಗೆ ಕಳಿಸಿದರು. ಊರೆಲ್ಲ ಮುಗಿಬಿತ್ತು. ಒಂದು ದನದಲ್ಲಿ ವಪೆಯ ಪಟ್ಟಿ ಎರಡೇ. ಕೇಳುವ ಬಾಯಿ ಸಾವಿರ. ಬೆಲೆ ಏರಿತು.

‘ತಾತನಿಗೆ ಇದನ್ನು ಬಿಟ್ಟಿಯಾಗಿ ಕೊಡುತ್ತಿದ್ದರು, ಏಕೆಂದರೆ ಯಾರಿಗೂ ಬೇಡವಾಗಿತ್ತು. ಈಗ ನಮ್ಮಮ್ಮ ಬೆಲೆಚೀಟಿ ನೋಡಿ ವಾಪಸ್ ಇಡುತ್ತಾಳೆ. ನಮ್ಮ ಮನೆಯಲ್ಲೂ ಕೋಳಿಯೇ’ ಎಂದ ಆ ಹುಡುಗ. ಆ ದಿನ ರಿಯಾಯಿತಿ ಇತ್ತಂತೆ, ಅದಕ್ಕೇ ತಂದದ್ದು. ಅವನು ನಗುತ್ತಲೇ ಹೇಳಿದ. ನನಗೆ ಮಾತ್ರ ತುತ್ತು ಸ್ವಲ್ಪ ತಡೆಯಿತು. ಬೇಡದ್ದನ್ನು ಬೇಕಾದದ್ದನ್ನಾಗಿ ಮಾಡಿದ ಕೈಗಳ ಹೆಸರು ಯಾವ ಹೋಟೆಲಿನ ಪಟ್ಟಿಯಲ್ಲೂ ಇಲ್ಲ. ಅವರ ಮನೆಯವರೇ ಈಗ ಬೆಲೆ ಕೇಳಿ ಹಿಂದೆ ಸರಿಯುತ್ತಾರೆ. ನಮ್ಮಲ್ಲಿ ರಾಗಿ, ನವಣೆಗಳು ಬಡವರ ತಟ್ಟೆಯಿಂದ ಹೊಳೆಯುವ ಪ್ಯಾಕೆಟ್ಟಿಗೆ ಏರಿದ ಬಗೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂದೆತಾಯಿಯರಲ್ಲಿ ಒಂದು ಮಾತು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಎಂದು ಹಲವು ಮನೆಗಳಲ್ಲಿ ಮಕ್ಕಳನ್ನು, ಅದರಲ್ಲೂ ಗಂಡುಮಕ್ಕಳನ್ನು, ಅಡುಗೆಮನೆಯ ಹೊಸ್ತಿಲು ದಾಟಗೊಡುವುದಿಲ್ಲ. ಅಲ್ಲಿ ಹೋಗುವುದು ಕಾಲಹರಣ ಎಂಬ ಭಾವನೆ. ಗುಪ್ತೋಷ್ಣವೂ ಪ್ರೋಟೀನೂ ಕೋನವೂ ಅಲ್ಲೇ ಇವೆ. ಪರೀಕ್ಷೆಯ ಹಿಂದಿನ ರಾತ್ರಿ ತನ್ನ ಊಟ ತಾನೇ ಮಾಡಿಕೊಳ್ಳುವ ಧೈರ್ಯವೂ ಅಲ್ಲೇ ಇದೆ. ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಗಣಿತ ಕಬ್ಬಿಣದ ಕಡಲೆ, ಭೌತವಿಜ್ಞಾನ ಗಟ್ಟಿ ಎನ್ನುತ್ತೀರಿ. ಇರಬಹುದು. ಆದರೆ ಅಗಿಯಲಾಗದೆ ಬಿಟ್ಟುಬಿಡುವ ಮೊದಲು, ಅದರ ಎಳೆ ಯಾವ ಕಡೆಗಿದೆ ಎಂದು ಒಮ್ಮೆ ಬಗ್ಗಿ ನೋಡಿ.

ಮುಂದಿನ ಸಲ ಮನೆಗೆ ಬಾಳೆದಿಂಡು ತಂದಾಗ ಮಗುವಿನ ಕೈಗೆ ಚಾಕು ಕೊಡಿ. ಹೇಗೆ ಹೆಚ್ಚಬೇಕೆಂದು ಹೇಳಿಕೊಡಬೇಡಿ. ಮೊದಲು ಉದ್ದಕ್ಕೆ ಒಂದು ಚೂರು, ಆಮೇಲೆ ಅಡ್ಡಕ್ಕೆ ಒಂದು ಚೂರು ಕೊಯ್ದು, ಎರಡನ್ನೂ ಅಗಿದು ನೋಡಲಿ. ಕಾರಣವನ್ನು ಅದೇ ಹೇಳಲಿ, ನೀವು ಕಾಯಿರಿ.